ರಟ್ಟಿನ ಚಕ್ರ ಮತ್ತು ಸರದಿ: ಜಪಾನಿನ ಶಾಲೆಯಲ್ಲಿ ಕಂಡದ್ದು

(ಮೈಸೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಪಾನಿನಲ್ಲಿ ಪಾಠ ಮಾಡಿ ಬಂದವರು ಅಂತ ಗೊತ್ತಾದ ಕೂಡಲೇ ಜನ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಅಬ್ಬಾ, ಅವರ ಶಿಸ್ತು ನೋಡಿ! ಅದು ಅವರ ರಕ್ತದಲ್ಲೇ ಬಂದಿದೆ ಬಿಡಿ." ವಿಶ್ವಕಪ್ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಜಪಾನಿ ಅಭಿಮಾನಿಗಳು ಚೀಲ ಹಿಡಿದು ಗ್ಯಾಲರಿ ಚೊಕ್ಕ ಮಾಡುವ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ಜಪಾನ್ ಮೊದಲ ಸಲ ವಿಶ್ವಕಪ್ ಆಡಿದ್ದು 1998ರಲ್ಲಿ, ಫ್ರಾನ್ಸಿನಲ್ಲಿ. ಆವಾಗಿನಿಂದಲೂ ಈ ಸುದ್ದಿ ಬರುತ್ತಲೇ ಇದೆ.

ರಕ್ತದ ಮಾತನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಬರುವ ಜಪಾನಿ ಮಗುವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಶೂ ಎಲ್ಲೆಂದರಲ್ಲಿ ಬಿಡುತ್ತದೆ. ಹಾಲು ಚೆಲ್ಲುತ್ತದೆ. ಅಮ್ಮ ಬೇಕು ಅಂತ ಅಳುತ್ತದೆ. ಥೇಟ್ ನಮ್ಮ ಮಕ್ಕಳೇ. ಮುಂದಿನ ಮಾರ್ಚ್ ಹೊತ್ತಿಗೆ ಅದೇ ಮಗು ಇಡೀ ಕ್ಲಾಸಿಗೆ ಊಟ ಬಡಿಸುತ್ತಿರುತ್ತದೆ. ಆ ಹನ್ನೊಂದು ತಿಂಗಳಲ್ಲಿ ಆಗುವುದನ್ನು ಹೇಳಬೇಕು ಅಂತಲೇ ನಾನು ಇವತ್ತು ಬಂದದ್ದು.

ಮೊದಲು ನನ್ನ ಕೆಲಸ ಏನಿತ್ತು ಅಂತ ಹೇಳಿಬಿಡುತ್ತೇನೆ. ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕ್ಲಾಸಿಗೆ ಹೊರದೇಶದ ಸಹಾಯಕ ಶಿಕ್ಷಕರು ಇರುತ್ತಾರೆ. ಅವರನ್ನು ಎಎಲ್‌ಟಿ ಅನ್ನುತ್ತಾರೆ. ಸರ್ಕಾರವೇ 1987ರಲ್ಲಿ ಜೆಟ್ ಅನ್ನುವ ಯೋಜನೆ ಶುರು ಮಾಡಿ ಇಂಥವರನ್ನು ದೊಡ್ಡ ಸಂಖ್ಯೆಯಲ್ಲಿ ಕರೆಸಿಕೊಳ್ಳತೊಡಗಿತು. ಮೊದಲು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಮಾತ್ರ. ಆಮೇಲೆ ಬೇರೆ ದೇಶದವರೂ ಸೇರಿದರು. ಊರಿನ ಶಿಕ್ಷಣ ಇಲಾಖೆಯವರು ನೇರವಾಗಿ ತೆಗೆದುಕೊಳ್ಳುವುದೂ ಉಂಟು, ಏಜೆನ್ಸಿ ಮೂಲಕ ಹೋಗುವವರೂ ಇದ್ದಾರೆ. 2020ರಿಂದ ಐದು ಮತ್ತು ಆರನೇ ಕ್ಲಾಸಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವೇ ಆಯಿತು. ನಾನಿದ್ದದ್ದು ನೀಗಾತಾ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಒಳ್ಳೆ ಅಕ್ಕಿ ಬೆಳೆಯುವ ಸೀಮೆ, ಚಳಿಗಾಲದಲ್ಲಿ ಆಳೆತ್ತರದ ಹಿಮ. ಪಾಠ ಮಾಡುವವರು ಕ್ಲಾಸ್ ಟೀಚರ್, ಜೊತೆಯಲ್ಲಿ ನಾನು. ಹಾಗಾಗಿ ನೋಡುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತಿತ್ತು.

ಬೆಳಗ್ಗೆ ಮಕ್ಕಳು ಗುಂಪಾಗಿ ನಡೆದು ಬರುತ್ತಾರೆ. ಒಂದು ಕೇರಿಯ ಮಕ್ಕಳದು ಒಂದು ಗುಂಪು. ಮುಂದೆ ಆರನೇ ಕ್ಲಾಸಿನ ಒಬ್ಬರು ಹಳದಿ ಬಾವುಟ ಹಿಡಿದಿರುತ್ತಾರೆ. ಅವರ ಬೆನ್ನಿಗೇ ಒಂದನೇ ಕ್ಲಾಸಿನ ಪುಟಾಣಿಗಳು. ಕೊನೆಯಲ್ಲಿ ಇನ್ನೊಬ್ಬ ದೊಡ್ಡ ಮಗು. ತೀರಾ ದೂರದ ಹಳ್ಳಿಯವರಿಗೆ ಮಾತ್ರ ಬಸ್ಸು. ಬೆನ್ನಿನ ಮೇಲೆ ರಂದೊಸೆರು ಅನ್ನುವ ಗಟ್ಟಿ ಚರ್ಮದ ಬ್ಯಾಗು. ಬೆಟ್ಟದ ಅಂಚಿನ ಊರುಗಳಲ್ಲಿ ಅದಕ್ಕೊಂದು ಗಂಟೆ ಕಟ್ಟಿರುತ್ತಾರೆ. ಕರಡಿಗೆ ಸದ್ದು ಕೇಳಲಿ, ದೂರ ಹೋಗಲಿ ಅಂತ. ರಸ್ತೆ ದಾಟುವಾಗ ಕಾರು ನಿಂತರೆ, ದಾಟಿ ಆದ ಮೇಲೆ ತಿರುಗಿ ಡ್ರೈವರಿಗೆ ತಲೆಬಾಗಿ ನಮಸ್ಕಾರ ಹೇಳುತ್ತಾರೆ.

ನೀಗಾತಾದ ರಸ್ತೆಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅಲ್ಲಿ ಎಷ್ಟೋ ರಸ್ತೆಗಳ ನಡುವೆ ಸಣ್ಣ ಸಣ್ಣ ತೂತುಗಳ ಪೈಪು ಹೂತಿರುತ್ತಾರೆ. ಹಿಮ ಬೀಳುತ್ತಿದ್ದ ಹಾಗೆ ಅದರಿಂದ ನೆಲದಡಿಯ ನೀರು ಚಿಮ್ಮುತ್ತದೆ. ಅಂತರ್ಜಲ ಹಿಮಕ್ಕಿಂತ ಬೆಚ್ಚಗಿರುತ್ತದಲ್ಲ, ಹಿಮ ಕರಗುತ್ತದೆ. ಇದು ಶುರುವಾದದ್ದು ಅದೇ ಪ್ರಾಂತ್ಯದ ನಾಗಾವೋಕಾದಲ್ಲಿ. ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಡಾಂಬರು ರಸ್ತೆಯೆಲ್ಲ ತುಕ್ಕು ಹಿಡಿದ ಹಾಗೆ ಕೆಂಪಾಗಿರುತ್ತದೆ. ಬ್ರೋಷರುಗಳಲ್ಲಿ ಕಾಣುವ ಜಪಾನ್ ಅಲ್ಲ ಇದು. ನನಗೆ ಇಷ್ಟವಾದ ಜಪಾನ್ ಇದೇ.

ಶಾಲೆಯ ಬಾಗಿಲಲ್ಲಿ ಪ್ರತಿ ಮಗುವಿಗೂ ಒಂದು ಗೂಡು. ಹೊರಗಿನ ಶೂ ಬಿಚ್ಚಿ ಗೂಡಿಗೆ, ಒಳಗಿನ ಬಿಳಿ ಶೂ ಕಾಲಿಗೆ. ಒಂದನೇ ಕ್ಲಾಸಿನ ಮೊದಲ ವಾರ ಅರ್ಧ ಪಾಠ ಇದೇ. ಶೂವಿನ ಹಿಮ್ಮಡಿ ಗೂಡಿನ ಅಂಚಿಗೆ ಸರಿಯಾಗಿ ಕೂಡಬೇಕು. ಟೀಚರ್ ಬೈಯುವುದಿಲ್ಲ. ಓರೆಯಾಗಿದ್ದರೆ ಕರೆದು ತೋರಿಸುತ್ತಾರೆ, ಮಗು ಸರಿ ಮಾಡುತ್ತದೆ, ಮಾರನೇ ದಿನ ಮತ್ತೆ ಓರೆ, ಮತ್ತೆ ಕರೆಯುತ್ತಾರೆ. ಆ ತಾಳ್ಮೆ ನೋಡಿದರೆ ಗೌರವ ಬರುತ್ತದೆ.

ಆಮೇಲೆ ಕ್ಲಾಸು. ಇಲ್ಲಿಂದ ನನ್ನ ಮುಖ್ಯ ಮಾತು ಶುರುವಾಗುತ್ತದೆ.

ಪ್ರತಿ ದಿನ ಒಬ್ಬರೋ ಇಬ್ಬರೋ ಮಕ್ಕಳಿಗೆ ಆ ದಿನದ ಜವಾಬ್ದಾರಿ. ಅದನ್ನು ನಿಚ್ಚೊಕು ಅನ್ನುತ್ತಾರೆ. ಬೆಳಗಿನ ಸಭೆ ನಡೆಸುವುದು, ಪಾಠದ ಮೊದಲು ಎಲ್ಲರನ್ನೂ ಎಬ್ಬಿಸಿ ನಮಸ್ಕಾರ ಹೇಳಿಸುವುದು, ಬೋರ್ಡು ಒರೆಸುವುದು, ಸಂಜೆ ದಿನಚರಿ ಬರೆಯುವುದು ಎಲ್ಲಾ ಅವರದೇ. ನಾಳೆ ಬೇರೆಯವರು. ಹಾಜರಿ ಪುಸ್ತಕದ ಕ್ರಮ, ಇಲ್ಲಾ ಕೂರುವ ಸಾಲಿನ ಕ್ರಮ. ಚೂಟಿ ಮಗು, ಮಂಕು ಮಗು ಅನ್ನುವ ಲೆಕ್ಕ ಇಲ್ಲ. ನಮ್ಮಲ್ಲಿ ಕ್ಲಾಸ್ ಲೀಡರ್ ಯಾರಾಗುತ್ತಾರೆ? ಒಂದೋ ಜಾಸ್ತಿ ಮಾರ್ಕ್ಸ್ ತೆಗೆಯುವವರು, ಇಲ್ಲಾ ಗಟ್ಟಿ ಗಂಟಲಿನವರು. ಜೂನ್‌ನಿಂದ ಏಪ್ರಿಲ್ ತನಕ ಅವರೇ. ಹಿಂದಿನ ಬೆಂಚಿನ ಮಗು ಇಡೀ ವರ್ಷ ಒಂದು ದಿನವೂ ಮುಂದೆ ಬಂದು ನಿಂತಿರುವುದಿಲ್ಲ, ಅಲ್ವಾ?

ಎರಡನೇ ಕ್ಲಾಸಿನ ಒಬ್ಬ ಹುಡುಗನ ಸರದಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾರ ಹತ್ತಿರವೂ ಮಾತಾಡದ ಹುಡುಗ. ಮುಂದೆ ಬಂದು ನಿಂತ. ಹೇಳಬೇಕಾದ ಸಾಲುಗಳ ಕಾರ್ಡು ಬೋರ್ಡಿನ ಪಕ್ಕದಲ್ಲೇ ಇರುತ್ತದೆ. ಅದನ್ನು ನೋಡಿದ, ಬಾಯಿ ತೆರೆದ, ದನಿ ಬರಲಿಲ್ಲ. ಟೀಚರ್ ಹಿಂದಿನ ಗೋಡೆ ಹತ್ತಿರ ನಿಂತಿದ್ದರು. ಸಹಾಯಕ್ಕೆ ಹೋಗಲಿಲ್ಲ. ಯಾರೂ ನಗಲಿಲ್ಲ. ಇಡೀ ಕ್ಲಾಸು ಕಾಯಿತು. ಎಷ್ಟು ಹೊತ್ತೋ ಆದ ಮೇಲೆ ಅವನು ತುಂಬಾ ಸಣ್ಣ ದನಿಯಲ್ಲಿ "ಎದ್ದು ನಿಲ್ಲಿ" ಅಂದ. ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿರಬೇಕು. ಆದರೆ ಎಲ್ಲರೂ ಎದ್ದರು. ಆ ಮಕ್ಕಳಿಗೆ ಕಾಯುವುದು ಯಾಕೆ ಬಂತು ಅಂದರೆ, ಪ್ರತಿಯೊಬ್ಬರೂ ಅದೇ ಜಾಗದಲ್ಲಿ ನಿಂತು ತಡವರಿಸಿದವರೇ. ನಾಳೆ ಮತ್ತೆ ನಿಲ್ಲುವವರೇ.

ಈಗ ಊಟ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ. ಬಿಸಿಯೂಟ ನಡೆಸುವವರು ನೀವು, ನಿಮಗೆ ಇದು ಬೇಕಾದ ವಿಷಯ.

ಜಪಾನಿನ ಶಾಲೆ ಊಟ 1889ರಲ್ಲಿ ಶುರುವಾಯಿತು ಅನ್ನುತ್ತಾರೆ. ನೀಗಾತಾದ ಪಕ್ಕದ ಯಾಮಾಗಾತಾ ಪ್ರಾಂತ್ಯದ ತ್ಸುರುವೋಕಾ ಊರಿನಲ್ಲಿ, ಒಂದು ದೇವಸ್ಥಾನದೊಳಗಿನ ಶಾಲೆಯಲ್ಲಿ, ಬಡ ಮಕ್ಕಳಿಗೆ ಬೌದ್ಧ ಭಿಕ್ಷುಗಳು ಅನ್ನದ ಉಂಡೆ, ಉಪ್ಪು ಹಾಕಿದ ಮೀನು, ಉಪ್ಪಿನ ಸೊಪ್ಪು ಕೊಟ್ಟರು. ಎರಡನೇ ಮಹಾಯುದ್ಧ ಮುಗಿದಾಗ ದೇಶವೇ ಹಸಿದಿತ್ತು. ಹೊರದೇಶದ ನೆರವಿನ ಹಾಲಿನ ಪುಡಿ, ಬ್ರೆಡ್ಡು ಶಾಲೆಗಳಿಗೆ ಬಂತು. 1954ರಲ್ಲಿ ಶಾಲೆ ಊಟಕ್ಕೆಂದೇ ಕಾನೂನು ಮಾಡಿದರು. ಅನ್ನ ತಿನ್ನುವ ದೇಶದಲ್ಲಿ ಶಾಲೆ ಊಟಕ್ಕೆ ಅನ್ನ ಅಧಿಕೃತವಾಗಿ ಸೇರಿದ್ದು 1976ರಲ್ಲಿ! ಅಲ್ಲಿಯವರೆಗೆ ಬ್ರೆಡ್ಡೇ ಮುಖ್ಯ. ಈಗ ಅಡುಗೆಯವರ ಸಂಬಳ, ಅಡುಗೆಮನೆ ಖರ್ಚು ಊರಿನ ಆಡಳಿತದ್ದು. ಸಾಮಾನಿನ ಖರ್ಚಿಗೆ ಪೋಷಕರು ತಿಂಗಳಿಗೆ ನಾಲ್ಕೈದು ಸಾವಿರ ಯೆನ್ ಕೊಡುವುದು ನಾನಿದ್ದಾಗ ವಾಡಿಕೆಯಾಗಿತ್ತು. ಅದನ್ನೂ ಬಿಟ್ಟು ಪೂರ್ತಿ ಉಚಿತ ಮಾಡಿದ ಊರುಗಳು ಆಗಲೇ ಹಲವಿದ್ದವು.

ಊಟದ ಬೆಲ್ಲು ಹೊಡೆದ ಕೂಡಲೇ ಆ ವಾರದ ಬಡಿಸುವ ಗುಂಪಿನ ಮಕ್ಕಳು ಬಿಳಿ ಅಂಗಿ, ಬಿಳಿ ಟೋಪಿ, ಮಾಸ್ಕ್ ಹಾಕಿಕೊಳ್ಳುತ್ತಾರೆ. ಕೈ ತೊಳೆದು ಸಾಲಾಗಿ ಅಡುಗೆಮನೆಗೆ ಹೋಗುತ್ತಾರೆ. ಸಾರಿನ ದೊಡ್ಡ ಪಾತ್ರೆಗೆ ಇಬ್ಬರು, ಅನ್ನದ ಡಬ್ಬಿಗೆ ಇಬ್ಬರು, ಹಾಲಿನ ಕ್ರೇಟಿಗೆ ಇಬ್ಬರು. ಕ್ಲಾಸಿನಲ್ಲಿ ಉಳಿದವರು ಮೇಜು ಜೋಡಿಸಿ ತಟ್ಟೆ ಹಿಡಿದು ನಿಲ್ಲುತ್ತಾರೆ. ನಮ್ಮ ಮದುವೆ ಮನೆ ಪಂಕ್ತಿಯ ಹಾಗೆ ಸರಸರ ಬಡಿಸುತ್ತಾರೆ. ವ್ಯತ್ಯಾಸ ಅಂದರೆ ಇಲ್ಲಿ ಬಡಿಸುವವರಿಗೆ ಏಳು ವರ್ಷ. ಒಂದು ಪಾತ್ರೆ ಸಾರು ಮೂವತ್ತು ಬಟ್ಟಲಿಗೆ ಸಮನಾಗಿ ಬರಬೇಕು. ಮೊದಲ ಹತ್ತು ಬಟ್ಟಲಿಗೆ ಧಾರಾಳವಾಗಿ ಸುರಿದರೆ ಕೊನೆಯವರಿಗೆ ಬರೀ ನೀರು. ಒಂದನೇ ಕ್ಲಾಸಿನಲ್ಲಿ ಹೀಗೆ ಆಗೇ ಆಗುತ್ತದೆ. ಆಗ ಟೀಚರ್ ಕೇಳುತ್ತಾರೆ, "ಈಗ ಏನು ಮಾಡೋಣ?" ಮೊದಲು ತೆಗೆದುಕೊಂಡವರು ತಮ್ಮ ಬಟ್ಟಲು ತಂದು ಸ್ವಲ್ಪ ಸ್ವಲ್ಪ ವಾಪಸ್ ಹಾಕುತ್ತಾರೆ. ಭಾಗಾಕಾರದ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲೂ ನಡೆಯುವುದನ್ನು ನಾನು ಕಂಡಿಲ್ಲ.

ಎಲ್ಲರಿಗೂ ಬಡಿಸಿ ಆಗುವ ತನಕ ಯಾರೂ ತಿನ್ನುವಂತಿಲ್ಲ. ಕ್ಲಾಸ್ ಟೀಚರ್ ಅದೇ ಊಟವನ್ನು, ಅದೇ ಕ್ಲಾಸಿನಲ್ಲಿ, ಮಕ್ಕಳ ಜೊತೆಯೇ ಮಾಡುತ್ತಾರೆ. ಹೆಡ್‌ಮಾಸ್ಟರ್ ಮಾತ್ರ ಅರ್ಧ ಗಂಟೆ ಮೊದಲೇ ತಿಂದಿರಬೇಕು. ರುಚಿ ಕೆಟ್ಟಿದೆಯೇ, ಏನಾದರೂ ಬಿದ್ದಿದೆಯೇ ಅಂತ ನೋಡುವುದು ಅವರ ಹೊಣೆ. ಆ ದಿನದ ಅಡುಗೆಯ ಮಾದರಿಯನ್ನು ಎರಡು ವಾರ ಫ್ರೀಜರಿನಲ್ಲಿ ಇಡುವ ನಿಯಮವೂ ಇದೆ. 1996ರಲ್ಲಿ ಒಸಾಕಾ ಹತ್ತಿರದ ಸಕಾಯಿ ನಗರದಲ್ಲಿ ಶಾಲೆ ಊಟದಿಂದ ಓ-157 ಬ್ಯಾಕ್ಟೀರಿಯಾ ಹರಡಿ ಸಾವಿರಾರು ಮಕ್ಕಳು ಕಾಯಿಲೆ ಬಿದ್ದರು. ಮಕ್ಕಳ ಸಾವೂ ಆಯಿತು. ಅದಾದ ಮೇಲೆ ನಿಯಮಗಳು ಇಷ್ಟು ಬಿಗಿಯಾದವು. ನಮ್ಮ ಬಿಸಿಯೂಟಕ್ಕೂ ಶಿಕ್ಷಕರು ಮೊದಲು ರುಚಿ ನೋಡಬೇಕು ಅನ್ನುವ ನಿಯಮ ಇದೆ. ಅದನ್ನು ನೀವು ಮನಸ್ಸಿಟ್ಟು ಮಾಡುತ್ತಿದ್ದರೆ ನಿಮಗೆ ನನ್ನ ನಮಸ್ಕಾರ.

ನಾನು ಸಸ್ಯಾಹಾರಿ. ಅಲ್ಲಿ ತರಕಾರಿ ಸಾರಿಗೂ ಒಣಮೀನಿನ ರಸ ಬಿದ್ದಿರುತ್ತದೆ. ಆದ್ದರಿಂದ ನಾನು ಡಬ್ಬಿ ಒಯ್ಯುತ್ತಿದ್ದೆ. ಆಹಾರದ ಮೇಲ್ವಿಚಾರಣೆಗೆಂದೇ ಶಾಲೆಗಳಲ್ಲಿ ಪೋಷಣೆಯ ಶಿಕ್ಷಕರು ಇರುತ್ತಾರೆ. 2005ರಲ್ಲಿ ಬಂದ ಹುದ್ದೆ ಅದು. ಅಲರ್ಜಿ ಇರುವ ಮಕ್ಕಳಿಗಾಗಿ ಅವರು ತಿಂಗಳ ಊಟದ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ನಮ್ಮ ಶಾಲೆಗೆ ಬರುತ್ತಿದ್ದ ಪೋಷಣೆಯ ಶಿಕ್ಷಕಿ ನನಗೂ ಒಂದು ಪಟ್ಟಿ ಗುರುತು ಹಾಕಿ ಕೊಟ್ಟರು. ಇದು ತಿನ್ನಬಹುದು, ಇದು ಬೇಡ, ಈ ದಿನ ಅನ್ನ ಮತ್ತು ಹಣ್ಣು ಮಾತ್ರ. ನಾನು ಕೇಳಿರಲಿಲ್ಲ.

ಬಿಳಿ ಅಂಗಿಯ ವಿಷಯ ಮರೆಯುವಂತಿಲ್ಲ. ಶುಕ್ರವಾರ ಬಡಿಸುವ ಗುಂಪಿನ ಮಕ್ಕಳು ತಾವು ಹಾಕಿದ ಅಂಗಿಯನ್ನು ಚೀಲಕ್ಕೆ ಹಾಕಿ ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಒಗೆದು, ಇಸ್ತ್ರಿ ಮಾಡಿ, ಸೋಮವಾರ ತರುತ್ತಾರೆ. ಆ ವಾರ ಅದನ್ನು ಬೇರೆ ಮಗು ಹಾಕಿಕೊಳ್ಳುತ್ತದೆ. ಅಂದರೆ ಪ್ರತಿ ಮಗುವೂ ಇನ್ನೊಂದು ಮನೆಯಲ್ಲಿ ಒಗೆದ ಬಟ್ಟೆ ಹಾಕಿಕೊಂಡು ಬಡಿಸುತ್ತದೆ. ಒಬ್ಬರ ಬಟ್ಟೆ ಇನ್ನೊಬ್ಬರು ಮುಟ್ಟಬಹುದೋ ಬಾರದೋ ಅನ್ನುವ ಪ್ರಶ್ನೆ ಇರುವ ನಾಡಿನಿಂದ ಹೋದ ನನಗೆ ಆ ಇಸ್ತ್ರಿ ಮಾಡಿದ ಅಂಗಿಯ ಚೀಲಗಳ ಸಾಲು ಬಹಳ ದೊಡ್ಡ ವಿಷಯವಾಗಿ ಕಂಡಿತು.

ಊಟವಾದ ಮೇಲೆ ಆಟ, ಆಟದ ಹಿಂದೆ ಕಸ ಗುಡಿಸುವ ಹೊತ್ತು. ಹತ್ತಿಪ್ಪತ್ತು ನಿಮಿಷ. ಶಾಲೆಯ ಸ್ಪೀಕರಿನಲ್ಲಿ ಒಂದು ಸಂಗೀತ ಶುರುವಾಗುತ್ತದೆ, ಅದು ನಿಲ್ಲುವಷ್ಟರಲ್ಲಿ ಕೆಲಸ ಮುಗಿಯಬೇಕು. ಆರನೇ ಕ್ಲಾಸಿನವರು, ಒಂದನೇ ಕ್ಲಾಸಿನವರು ಒಂದೇ ಗುಂಪಿನಲ್ಲಿ ಇರುತ್ತಾರೆ. ಒರೆಸುವ ಬಟ್ಟೆ ಹಿಂಡುವುದನ್ನು ಚಿಕ್ಕವರಿಗೆ ಕಲಿಸುವವರು ದೊಡ್ಡ ಮಕ್ಕಳು. ಹಳೇ ಟವೆಲ್ ಮಡಿಸಿ ಹೊಲಿದ ಬಟ್ಟೆಗಳವು. ಶಿಕ್ಷಕರೂ ಪೊರಕೆ ಹಿಡಿಯುತ್ತಾರೆ. ನಾನೂ ಹಿಡಿದೆ. ಹಾಗಂತ ಶಾಲೆಗೆ ಕೆಲಸದವರೇ ಇಲ್ಲ ಅಂತಲ್ಲ. ರಿಪೇರಿ, ಹಿಮ ತೆಗೆಯುವುದು, ಗಿಡ ಕತ್ತರಿಸುವುದು ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ಮಕ್ಕಳು ಅವರನ್ನು ಮರ್ಯಾದೆಯಿಂದ ಮಾತಾಡಿಸುತ್ತಾರೆ.

ಗೋಡೆಯ ಮೇಲೆ ಒಂದು ರಟ್ಟಿನ ಚಕ್ರ ಇರುತ್ತದೆ. ದೊಡ್ಡ ವೃತ್ತದಲ್ಲಿ ಜಾಗಗಳ ಹೆಸರು: ಕ್ಲಾಸು, ವರಾಂಡ, ಮೆಟ್ಟಿಲು, ಶೂ ಗೂಡು, ಶೌಚಾಲಯ. ಅದರ ಮೇಲೆ ಸಣ್ಣ ವೃತ್ತ, ಅದರಲ್ಲಿ ಗುಂಪುಗಳ ಹೆಸರು. ನಡುವೆ ಒಂದು ಪಿನ್. ಸೋಮವಾರ ಯಾರೋ ಒಬ್ಬ ಮಗು ಒಳಗಿನ ವೃತ್ತವನ್ನು ಒಂದು ಮನೆ ಮುಂದೆ ತಿರುಗಿಸುತ್ತದೆ. ಅಷ್ಟೇ. ಕಳೆದ ವಾರ ಮೆಟ್ಟಿಲು ಒರೆಸಿದವರಿಗೆ ಈ ವಾರ ಶೂ ಗೂಡು. ಮುಂದಿನ ವಾರ ಶೌಚಾಲಯ. ಡಾಕ್ಟರ ಮಗಳಾದರೂ ಸರಿ, ಗದ್ದೆಯವರ ಮಗನಾದರೂ ಸರಿ.

"ನಮ್ಮ ಮಕ್ಕಳೂ ಜಪಾನಿನ ಹಾಗೆ ಶಾಲೆ ತೊಳೆಯಬೇಕು" ಅಂತ ಇಲ್ಲಿ ಹೇಳುವವರು ಬಹಳ ಮಂದಿ. ಅವರು ಈ ಚಕ್ರವನ್ನು ನೋಡಿಲ್ಲ. ನಮ್ಮ ಶಾಲೆಗಳಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾವೆಲ್ಲ ಓದಿದ್ದೇವೆ. ಯಾರೋ ಕೆಲವರನ್ನು ಕರೆದು ಮಾಡಿಸಿದರೆ ಅದು ಶಿಕ್ಷೆ, ಅವಮಾನ. ಎಲ್ಲರಿಗೂ ಸರದಿ ಬಂದರೆ ಮಾತ್ರ ಅದು ಪಾಠ. ಈ ಎರಡಕ್ಕೂ ಒಂದೇ ಜಪಾನಿನ ಹೆಸರು ಹಚ್ಚಬಾರದು.

ಜಪಾನಿನಲ್ಲಿ ಹುಟ್ಟಿನ ಭೇದ ಇರಲಿಲ್ಲ ಅಂತ ತಿಳಿಯಬೇಡಿ. ಚರ್ಮದ ಕೆಲಸ, ಸತ್ತ ಪ್ರಾಣಿ ಎತ್ತುವ ಕೆಲಸ ಮಾಡುವವರನ್ನು ಊರ ಹೊರಗೆ ಇಟ್ಟಿದ್ದರು. ಆ ಭೇದವನ್ನು 1871ರಲ್ಲಿ ಕಾನೂನಿನಲ್ಲಿ ತೆಗೆದರು. ಮದುವೆ, ಕೆಲಸದ ವಿಷಯದಲ್ಲಿ ಅದು ಇವತ್ತಿಗೂ ಪೂರ್ತಿ ಹೋಗಿಲ್ಲ. ಆ ಸಮುದಾಯದ ತಾಯಂದಿರು 1961ರಲ್ಲಿ ಕೋಚಿ ಪ್ರಾಂತ್ಯದ ನಾಗಾಹಾಮಾದಲ್ಲಿ ಒಂದು ಹೋರಾಟ ಮಾಡಿದರು. ಕಡ್ಡಾಯ ಶಿಕ್ಷಣ ಉಚಿತ ಅಂತ ಸಂವಿಧಾನ ಹೇಳುತ್ತದೆ, ಹಾಗಾದರೆ ಪುಸ್ತಕಕ್ಕೆ ದುಡ್ಡು ಯಾಕೆ ಅಂತ ಕೇಳಿದರು. ಅಲ್ಲಿಂದ ಹಬ್ಬಿದ ಆ ಕೂಗಿಗೆ ಸರ್ಕಾರ ಕಾನೂನು ಮಾಡಬೇಕಾಯಿತು. 1969ರ ಹೊತ್ತಿಗೆ ದೇಶದ ಎಲ್ಲ ಪ್ರಾಥಮಿಕ, ಮಾಧ್ಯಮಿಕ ಶಾಲೆಯ ಮಕ್ಕಳಿಗೂ ಪಠ್ಯಪುಸ್ತಕ ಉಚಿತವಾಯಿತು. ಇವತ್ತು ಜಪಾನಿನ ಪಠ್ಯಪುಸ್ತಕದ ಹಿಂದಿನ ಪುಟದಲ್ಲಿ, ಇದು ಜನರ ತೆರಿಗೆ ಹಣದಿಂದ ನಿಮಗೆ ಸಿಕ್ಕಿದೆ, ಜೋಪಾನವಾಗಿ ಬಳಸಿ ಅಂತ ಅಚ್ಚಾಗಿರುತ್ತದೆ. ಅದರ ಹಿಂದೆ ಆ ತಾಯಂದಿರಿದ್ದಾರೆ.

ಶಾಲೆಯ ಸರದಿ ಊರಿನಲ್ಲೂ ಮುಂದುವರಿಯುತ್ತದೆ. ನಾನಿದ್ದ ಕೇರಿಯಲ್ಲಿ ಕಸ ಇಡುವ ಜಾಗಕ್ಕೆ ಕಾಗೆಗಳು ಕೆದಕದ ಹಾಗೆ ಬಲೆ ಹೊದಿಸುತ್ತಿದ್ದರು. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್‌ಗೆ ಇನ್ನೊಂದು ದಿನ, ಬಾಟಲಿ ಡಬ್ಬಿಗೆ ಬೇರೆ ದಿನ. ಗಾಡಿ ಹೋದ ಮೇಲೆ ಆ ಜಾಗ ಗುಡಿಸಿ ಬಲೆ ಮಡಿಸುವುದು ಮನೆಮನೆಗೆ ಸರದಿ. ಕೇರಿಯ ಸುದ್ದಿ ಒಂದು ಕ್ಲಿಪ್ ಬೋರ್ಡಿನಲ್ಲಿ ಮನೆಯಿಂದ ಮನೆಗೆ ಬರುತ್ತದೆ. ಓದಿ, ಗುರುತು ಹಾಕಿ, ಪಕ್ಕದ ಮನೆಗೆ ಕೊಡಬೇಕು. ಪಕ್ಕದ ಮನೆಯ ಅಜ್ಜಿಯನ್ನು ನಾನು ಮಾತಾಡಿಸುತ್ತಿದ್ದದ್ದು ಬಹುಪಾಲು ಆ ಬೋರ್ಡಿನ ನೆಪದಲ್ಲೇ. ನನಗೆ ಮೂಲಂಗಿ ಕೊಡುತ್ತಿದ್ದರು. ಭಾಷೆ ಅರ್ಧಂಬರ್ಧ ಬರುವಾಗ ಇಂಥ ನೆಪಗಳು ತುಂಬಾ ಸಹಾಯ ಮಾಡುತ್ತವೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಮಾತ್ರ ಹೇಳಿದ ಹಾಗೆ.

ಸರದಿಯಲ್ಲಿ ಎಲ್ಲರೂ ಒಂದೇ. ಒಂದೇ ಥರ ಇರಲಾಗದ ಮಗು ಎಲ್ಲಿಗೆ ಹೋಗಬೇಕು? 2023-24ರ ಶಾಲಾ ವರ್ಷದಲ್ಲಿ ಜಪಾನಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಕಾಯಿಲೆ, ಬಡತನದ ಕಾರಣ ಇಲ್ಲದೆ 30 ದಿನ ಅಥವಾ ಅದಕ್ಕಿಂತ ಜಾಸ್ತಿ ಶಾಲೆಗೆ ಬಾರದ ಮಕ್ಕಳು 3,46,482. ಇದು ಅಲ್ಲಿನ ಶಿಕ್ಷಣ ಸಚಿವಾಲಯದ ಲೆಕ್ಕ. ನಾನು ಹೋಗುತ್ತಿದ್ದ ಶಾಲೆಗಳಲ್ಲೂ ಅಂಥ ಮಕ್ಕಳಿದ್ದರು. ಅವರ ಶೂ ಗೂಡಿನಲ್ಲಿ ಬಿಳಿ ಶೂ ಹಾಗೇ ಇರುತ್ತಿತ್ತು. ಕೆಲವರು ಕ್ಲಾಸಿಗೆ ಬಾರದೆ ಆರೋಗ್ಯದ ಕೋಣೆಗೆ ಮಾತ್ರ ಬಂದು, ಅಲ್ಲಿನ ಟೀಚರ್ ಹತ್ತಿರ ಕೂತು ಓದಿ ಹೋಗುತ್ತಿದ್ದರು. ಆ ಒಂದು ಬಾಗಿಲು ತೆರೆದಿಟ್ಟದ್ದು ಒಳ್ಳೆಯದೇ. ಆದರೆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿದೆ.

ಕೂದಲಿನ ಕಥೆಯೂ ಇದೇ. ಒಸಾಕಾದಲ್ಲಿ ಹುಟ್ಟಿನಿಂದಲೇ ಕಂದು ಕೂದಲಿನ ಒಬ್ಬ ಹೈಸ್ಕೂಲ್ ಹುಡುಗಿಗೆ ಕಪ್ಪು ಬಣ್ಣ ಹಚ್ಚು ಅಂತ ಮತ್ತೆ ಮತ್ತೆ ಒತ್ತಾಯ ಮಾಡಿದರು. ಅವಳು 2017ರಲ್ಲಿ ಪ್ರಾಂತ್ಯದ ಸರ್ಕಾರದ ಮೇಲೆ ಕೇಸು ಹಾಕಿದಳು. ದೇಶವೆಲ್ಲ ಮಾತಾಡಿತು. 2022ರ ಏಪ್ರಿಲ್‌ನಿಂದ ಟೋಕಿಯೋದ ಸರ್ಕಾರಿ ಹೈಸ್ಕೂಲುಗಳು ಇಂಥ ಕೂದಲಿನ ನಿಯಮವನ್ನು ಕೈಬಿಟ್ಟವು. ಒಬ್ಬ ಹುಡುಗಿ ಗಟ್ಟಿಯಾಗಿ ನಿಂತದ್ದರಿಂದ ಎಷ್ಟೋ ಮಕ್ಕಳಿಗೆ ದಾರಿ ಆಯಿತು.

ಶಿಕ್ಷಕರ ಪಾಡು ನಿಮಗೆ ಅರ್ಥವಾಗುತ್ತದೆ. ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಸಂಘಟನೆ 2018ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲೆ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಭಾಗವಹಿಸಿದ ದೇಶಗಳಲ್ಲೇ ಅತಿ ಹೆಚ್ಚು. ಪಾಠವೇ ಅಷ್ಟು ಅಂತಲ್ಲ. ಊಟ, ಕಸ, ಸಂಜೆಯ ಕ್ರೀಡಾ ಕ್ಲಬ್ಬು, ಶನಿವಾರದ ಪಂದ್ಯ, ಪೋಷಕರ ಫೋನು ಎಲ್ಲಾ ಅವರ ತಲೆಗೇ. ಸ್ಟಾಫ್ ರೂಮಿನಲ್ಲಿ ಕತ್ತಲಾದ ಮೇಲೂ ಲೈಟು ಉರಿಯುತ್ತಿರುತ್ತಿತ್ತು. ನಾನು ಮೆಚ್ಚಿಕೊಂಡು ಹೇಳಿದ ಪ್ರತಿಯೊಂದರ ಹಿಂದೆಯೂ ಈ ದುಡಿಮೆ ಇದೆ.

ನನ್ನ ಮನಸ್ಸಿನಲ್ಲಿ ತುಂಬಾ ಭಾರವಾಗಿ ಉಳಿದಿರುವುದು ಇನ್ನೊಂದು. ನೀಗಾತಾ ಕೂಡ ಭೂಕಂಪದ ನಾಡು. 2004ರ ಅಕ್ಟೋಬರಿನಲ್ಲಿ ಅಲ್ಲಿ ದೊಡ್ಡ ಭೂಕಂಪ ಆಗಿತ್ತು. ಶಾಲೆಯಲ್ಲಿ ಕವಾಯತು ಆಗಾಗ ನಡೆಯುತ್ತದೆ. ಸ್ಪೀಕರಿನಲ್ಲಿ ಸೂಚನೆ ಬಂದರೆ ಮಕ್ಕಳು ಮೇಜಿನಡಿ ಹೋಗಿ ಮೇಜಿನ ಕಾಲು ಹಿಡಿಯುತ್ತಾರೆ. ಆಮೇಲೆ ತಳ್ಳದೆ, ಓಡದೆ, ಮಾತಾಡದೆ, ಹಿಂದಕ್ಕೆ ಹೋಗದೆ ಮೈದಾನಕ್ಕೆ ಬರುತ್ತಾರೆ. ಹೆಡ್‌ಮಾಸ್ಟರ್ ಕೈಯಲ್ಲಿ ಸ್ಟಾಪ್‌ವಾಚ್. ಸಂಜೆ ಊರಿನ ಸ್ಪೀಕರುಗಳಲ್ಲಿ ಒಂದು ರಾಗ ಬರುತ್ತದೆ. ಮಕ್ಕಳು ಮನೆಗೆ ಹೋಗಲಿ ಅಂತ ಮಾತ್ರ ಅಲ್ಲ, ಅಪಾಯದ ದಿನ ಆ ಸ್ಪೀಕರು ಕೆಲಸ ಮಾಡುತ್ತದೆಯೇ ಅಂತ ದಿನವೂ ನೋಡುವ ಪರೀಕ್ಷೆ ಕೂಡ ಅದು.

2011ರ ಮಾರ್ಚ್ 11ರಂದು ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಈಶಾನ್ಯದಲ್ಲಿ ಭೂಮಿ ನಡುಗಿತು, ಅದರ ಹಿಂದೆಯೇ ಸುನಾಮಿ ಬಂತು. ಕಾಮಾಯಿಶಿ ಅನ್ನುವ ಕರಾವಳಿ ಊರಿನಲ್ಲಿ ಆವತ್ತು ಶಾಲೆಯಲ್ಲಿದ್ದ ಸುಮಾರು 3,000 ಮಕ್ಕಳು ಬದುಕಿದರು. ಮಾಧ್ಯಮಿಕ ಶಾಲೆಯ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಎತ್ತರಕ್ಕೆ ಓಡಿದರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯವರೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಗೊತ್ತುಮಾಡಿದ ಜಾಗ ಸಾಲದು ಅನ್ನಿಸಿ ಇನ್ನೂ ಮೇಲಕ್ಕೆ ಹೋದರು. ಆ ಊರಿನ ಶಾಲೆಗಳಿಗೆ ಗುಂಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ಕತಾದಾ ತೋಶಿತಾಕಾ ವರ್ಷಗಟ್ಟಲೆ ಪಾಠ ಮಾಡಿದ್ದರು. ನಕ್ಷೆಯಲ್ಲಿ ಬರೆದದ್ದನ್ನು ನಂಬಿ ಕೂರಬೇಡಿ, ಆ ಹೊತ್ತಿಗೆ ಆಗುವ ಅತಿ ಒಳ್ಳೆಯದನ್ನು ಮಾಡಿ, ಮೊದಲು ಓಡುವವರು ನೀವೇ ಆಗಿ. ಇವು ಮೂರು ಅವರ ಪಾಠ.

ಅದೇ ಹೊತ್ತಿನಲ್ಲಿ ಅದೇ ಕರಾವಳಿಯ ಇಶಿನೋಮಾಕಿ ಊರಿನ ಓಕಾವಾ ಪ್ರಾಥಮಿಕ ಶಾಲೆಯ ಮಕ್ಕಳು ಮೈದಾನದಲ್ಲಿ ಸಾಲಾಗಿ ಕಾಯುತ್ತಿದ್ದರು. ಎಲ್ಲಿಗೆ ಹೋಗಬೇಕು ಅಂತ ದೊಡ್ಡವರಲ್ಲಿ ತೀರ್ಮಾನ ಆಗಲಿಲ್ಲ. ಶಾಲೆಯ ಬೆನ್ನಿಗೇ ಗುಡ್ಡ ಇತ್ತು. ಸುನಾಮಿ ಬರುವುದಕ್ಕೆ ಸುಮಾರು 50 ನಿಮಿಷ ಸಮಯ ಇತ್ತು. 74 ಮಕ್ಕಳು, 10 ಶಿಕ್ಷಕರು ಹೋದರು. ಮಕ್ಕಳನ್ನು ಕಳೆದುಕೊಂಡ ಪೋಷಕರು ನ್ಯಾಯಾಲಯಕ್ಕೆ ಹೋದರು. ಶಾಲೆ ಮತ್ತು ಆಡಳಿತ ಮೊದಲೇ ಸಿದ್ಧತೆ ಮಾಡಿಕೊಳ್ಳಬೇಕಿತ್ತು ಅಂತ 2018ರಲ್ಲಿ ಸೆಂದಾಯ್ ಹೈಕೋರ್ಟ್ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು. ದೊಡ್ಡವರು ಹೇಳಿದ ಮಾತನ್ನು ಆ ಮಕ್ಕಳು ಕೇಳಿದರು. ಸಾಲು ಬಿಡಲಿಲ್ಲ. ಎರಡೂ ಊರಿನಲ್ಲಿ ಮಕ್ಕಳು ಒಂದೇ ಥರದ ಶಾಲೆಯವರು. ಒಂದು ಕಡೆ ಸಾಲು ಬಿಟ್ಟು ಓಡುವುದನ್ನೂ ಕಲಿಸಿದ್ದರು.

ಮಾತು ಮುಗಿದ ಮೇಲೆ ಒಬ್ಬ ಮೇಡಂ ಕೇಳಿದರು: "ಇದರಲ್ಲಿ ನಮ್ಮ ಶಾಲೆಗೆ ಏನು ತಗೋಬಹುದು? ನಾನಿರೋದು ಎರಡು ಶಿಕ್ಷಕರ ಶಾಲೇಲಿ." ಒಳ್ಳೆ ಪ್ರಶ್ನೆ. ಈ ಸರದಿಗಳೆಲ್ಲ ಜಪಾನಿನ ಪಠ್ಯಕ್ರಮದ ಒಳಗೇ ಇವೆ. ತೊಕ್ಕಾತ್ಸು ಅನ್ನುತ್ತಾರೆ. ಬೇರೆ ದೇಶಕ್ಕೂ ಹೋಗಿದೆ. 2018ರಿಂದ ಈಜಿಪ್ಟಿನಲ್ಲಿ ಜಪಾನ್ ಮಾದರಿಯ ಶಾಲೆಗಳು ನಡೆಯುತ್ತಿವೆ. ಅಂದಮೇಲೆ ರಕ್ತದ ಮಾತು ಬಿಡೋಣ.

ನಾನು ಹೇಳಿದ್ದು ಇಷ್ಟು. ಪೊರಕೆಯಿಂದ ಶುರು ಮಾಡಬೇಡಿ. ನಿಚ್ಚೊಕುವಿನಿಂದ ಶುರು ಮಾಡಿ. ಅದಕ್ಕೆ ದುಡ್ಡು ಬೇಡ, ಇಲಾಖೆಯ ಸುತ್ತೋಲೆಯೂ ಬೇಡ. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೆ ಇಬ್ಬರು. ಪ್ರಾರ್ಥನೆ ಹೇಳಿಸುವುದು, ಬೋರ್ಡಿನಲ್ಲಿ ತಾರೀಖು ಬರೆಯುವುದು, ಸಂಜೆ ಇವತ್ತು ಏನಾಯಿತು ಅಂತ ನಾಲ್ಕು ಸಾಲು ಹೇಳುವುದು ಅವರ ಕೆಲಸ. ಹೇಳಬೇಕಾದ್ದನ್ನು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಾಕಿ. ಓದಲು ಬಾರದ ಮಗುವಿಗೆ ಜೊತೆಯಲ್ಲಿ ಓದುವ ಮಗುವನ್ನು ಹಾಕಿ. ದನಿ ಬಾರದಿದ್ದರೆ ನೀವು ಹಿಂದೆ ಹೋಗಿ ನಿಂತು ಕಾಯಿರಿ. ಯಾರನ್ನೂ ದಾಟಿಸಿ ಮುಂದಕ್ಕೆ ಹೋಗಬೇಡಿ. ಅದು ನೆಲೆಗೊಂಡ ಮೇಲೆ, ಬಿಸಿಯೂಟ ಬಡಿಸುವುದಕ್ಕೂ ಅದೇ ಪುಸ್ತಕದ ಕ್ರಮ ತನ್ನಿ. ಅಲ್ಲಿ ಯಾರ ಮನೆಯವರಾದರೂ ಬಂದು ಆ ಮಗು ಬಡಿಸಬಾರದು ಅಂದರೆ, ಅವತ್ತು ನೀವು ಆ ಮಗುವಿನ ಕೈಯಿಂದಲೇ ಬಡಿಸಿಕೊಂಡು, ಎಲ್ಲರೆದುರು ಕೂತು ಊಟ ಮಾಡಿ. ಪೊರಕೆಯ ಪಟ್ಟಿ ಮಾಡುವುದಾದರೆ ಅದಾದ ಮೇಲೆ ಮಾಡಿ. ಅದರಲ್ಲಿ ಶಿಕ್ಷಕರ ಹೆಸರೂ ಇರಲಿ.